ಕಂಬದ ಪಾಲಿನ ನೀರು

ಎಂಬತ್ತರ ದಶಕದಲ್ಲಿ ಕಾಂದಿವಲಿಯ ಗುಡ್ಡದ ಬದಿಗೆ ಮುನ್ಸಿಪಾಲ್ಟಿಯ ನೀರಿನ ಟಾಕಿ ಏಳುತ್ತಿತ್ತು. ನಾನು ಗುತ್ತಿಗೆದಾರನ ಕಡೆಯ ಸೂಪರ್‌ವೈಸರ್, ಧಾರವಾಡದಿಂದ ಡಿಪ್ಲೊಮಾ ಹಿಡಿದು ಬಂದವನು. ಟಾಕಿಯನ್ನು ಹೊರಬೇಕಾದ ಕಾಂಕ್ರೀಟ್ ಕಂಬಗಳಿಗೆ ಗೋಣಿತಟ್ಟು ಸುತ್ತಿ, ಅದು ಒಣಗದಂತೆ ದಿನವಿಡೀ ನೀರು ಹಾಕಬೇಕು. ಇಲ್ಲದಿದ್ದರೆ ಕಾಂಕ್ರೀಟ್ ಗಟ್ಟಿಯಾಗದೆ ಪುಡಿ ಏಳುತ್ತದೆ. ಆ ಕೆಲಸಕ್ಕೆ ವಿಜಾಪುರದ ಕಡೆಯ ಒಬ್ಬ ವಿಧವೆ ಇದ್ದಳು. ನನಗಿಂತ ಹಿರಿಯಳು. ಊರು ಬಿಟ್ಟು ಆರು ತಿಂಗಳಾಗಿರಲಿಲ್ಲ, ಹಿಂದಿ ಒಂದಕ್ಷರ ಬಾರದು. ಸೈಟಿನಲ್ಲಿ ಅವಳ ಮಾತು ತಿಳಿಯುತ್ತಿದ್ದವನು ನಾನೊಬ್ಬನೇ.

ಮೇ ತಿಂಗಳು. ಪಕ್ಕದ ಝೋಪಡಿಗಳ ನಲ್ಲಿ ಕೈಕೊಟ್ಟಿತ್ತು. ಸೈಟಿಗೆ ನೀರು ತರುವ ನಮ್ಮ ಟ್ಯಾಂಕರ್ ಬಂದೊಡನೆ ಅಲ್ಲಿನ ಹೆಂಗಸರು ಕೊಡ ಹಿಡಿದು ನಿಲ್ಲತೊಡಗಿದರು. ತಲೆಗೆ ಎರಡು ಕೊಡ ತುಂಬಿಕೊಳ್ಳಿ ಎಂದೆ. ಅವರು ಕೈಮುಗಿದಾಗ ಒಳಗೊಳಗೇ ಹಿಗ್ಗಿದ್ದೂ ನಿಜ. ಅತ್ತೆಯ ಒಡವೆ ಅಳಿಯ ದಾನ ಮಾಡಿದ ಹಾಗೆ. ಮಧ್ಯಾಹ್ನದ ಹೊತ್ತಿಗೆ ಕಂಬಕ್ಕೆಂದು ನೀರು ತುಂಬಿಡುವ ನಮ್ಮ ಡ್ರಮ್ಮುಗಳು ಬರಿದಾಗುತ್ತಿದ್ದವು.

"ಸಾಹೇಬ್ರ, ಕಂಬಕ್ಕ ನೀರ ಸಾಲಂಗಿಲ್ರಿ. ಗೋಣಿ ಒಣಗಿ ಹಪ್ಪಳ ಆಗ್ಯಾವ," ಎಂದು ಅವಳು ಬಂದು ಹೇಳಿದಳು. ಒಮ್ಮೆಯಲ್ಲ, ಮೂರು ದಿನ.

"ಕಂಬ ಏನ ನೀರಡಿಸಿ ಸಾಯ್ತದೇನ ಅಕ್ಕಾ? ಮೊದಲ ಮಂದಿ ಕುಡೀಲಿ ಬಿಡು," ಎಂದೆ.

ಮರುವಾರ ಮುನ್ಸಿಪಾಲ್ಟಿಯ ಇಂಜಿನಿಯರ್ ಬಂದರು. ಗೋಣಿ ಸರಿಸಿ ಕೀಲಿಕೈಯಿಂದ ಕಂಬವನ್ನು ಗೀರಿದರು. ಪುಡಿ ಉದುರಿತು. ಎರಡು ಕಂಬ ಒಡೆದು ಮತ್ತೆ ಕಟ್ಟಿ ಎಂದರು. ನೀರು ಹಾಕುವವರು ಯಾರೆಂದು ಕೇಳಿದರು. ನೌಕರಿ ಹೋದರೆ ಯಾವ ಮುಖ ಹೊತ್ತು ಧಾರವಾಡಕ್ಕೆ ಹೋಗಲಿ ಎಂದು ಹೆದರಿದೆ. ಅವಳತ್ತ ಬೆರಳು ತೋರಿಸಿದೆ.

ಕಂಬದ ತಪ್ಪು ತನ್ನ ತಲೆಗೆ ಬರುತ್ತಿದೆ ಎಂಬಷ್ಟು ಅವಳಿಗೂ ತಿಳಿಯಿತು. ಇಂಜಿನಿಯರ್ ಮುಂದೆ ಬಂದು ನಿಂತು ಅಂಜದೆ ಹೇಳಿದಳು: "ನೀರ ಬೇಕಂತ ಮೂರ ದಿನಾ ಹೇಳೇನ್ರಿ ನಾ. ಈ ಸಾಹೇಬ್ರು ಮಂದಿಗೆ ಹಂಚಿದ್ರು."

"ಕ್ಯಾ ಬೋಲ್ತೀ ಹೈ?" ಎಂದು ಇಂಜಿನಿಯರ್ ನನ್ನತ್ತ ತಿರುಗಿದರು.

ತಪ್ಪಾಯಿತು, ಮಾಫ್ ಮಾಡಿ ಅನ್ನುತ್ತಿದ್ದಾಳೆ ಎಂದು ಹಿಂದಿಯಲ್ಲಿ ಹೇಳಿದೆ. ನಾನು ಅವಳ ಮಾತನ್ನೇ ತಿಳಿಸಿದೆನೆಂದು ನಂಬಿ, "ಹೌದ್ರಿ, ಅದ ಖರೆ," ಎಂದು ಅವಳು ತಲೆಯಾಡಿಸಿದಳು.

ಆ ಸಂಜೆಯೇ ಅವಳನ್ನು ಕೆಲಸದಿಂದ ತೆಗೆದರು. ಗಂಟು ಹಿಡಿದು ನನ್ನ ಬಳಿ ಬಂದಳು.

"ಸಾಹೇಬ್ರ, ನೀವು ಬಿಡಿಸಿ ಹೇಳಿದ್ರೂ ಅವ್ರು ನಂಬಲಿಲ್ಲೇನ್ರಿ?"

"ಇಲ್ಲ ಅಕ್ಕಾ," ಎಂದೆ. "ನಂಬಲಿಲ್ಲ."