ಸಾಲ್ವಡಾರಿನಲ್ಲೊಂದು ಶುಕ್ರವಾರ

ಬ್ರೆಜಿಲ್‌ನ ಸಾಲ್ವಡಾರ್ ಪಟ್ಟಣದಲ್ಲಿ ನಾನು ಓಡಿದ ಓಟವನ್ನು ನೀವು ನೋಡಬೇಕಿತ್ತು. ಕೈಯಲ್ಲಿ ಟಿಕೆಟ್, ಕಾಲಲ್ಲಿ ಒಂದೇ ಚಪ್ಪಲಿ!

ಬಹ್ರೇನ್‌ನ ಮನಾಮದ ಟ್ರಾವೆಲ್ ಏಜೆನ್ಸಿಯಲ್ಲಿ ಹನ್ನೆರಡು ವರ್ಷದಿಂದ ಟಿಕೆಟ್ ಬರೆಯುವವನು ನಾನು (ಅಲ್ಲಿನ ನಮ್ಮ ಸೆಗಯಾ ಬಡಾವಣೆಯ ಓದುಗರಿಗೆ ಗೊತ್ತು). ಕೂಡಿಟ್ಟ ರಜೆಗೆ ಅಗ್ಗದ ಟಿಕೆಟ್ ಸೇರಿಸಿ, ಹೆಂಡತಿ ಲಿಲ್ಲಿಯೊಂದಿಗೆ ಐದೂವರೆ ತಿಂಗಳು ಊರೂರು ಸುತ್ತಿದೆ. ಸಾಲ್ವಡಾರ್ ಕೊನೆಯದು. ಬಹ್ರೇನ್‌ನಿಂದ ಆರು ತಿಂಗಳು ಹೊರಗಿದ್ದರೆ ವಾಸದ ಪರ್ಮಿಟ್ ರದ್ದು, ನೌಕರಿಯೂ ಹೋದಂತೆ. ಸೋಮವಾರದ ವಿಮಾನ ತಪ್ಪುವಂತಿಲ್ಲ. ಮೊದಲೇ ವಿಮಾನ ಕಂಪನಿಯ ಆಫೀಸಿಗೆ ಹೋಗಿ, ಬರುತ್ತೇವೆಂದು ರೀಕನ್‌ಫರ್ಮ್ ಮಾಡದಿದ್ದರೆ ಸೀಟು ಬೇರೆಯವರ ಪಾಲು.

"ಇವತ್ತು ಶುಕ್ರವಾರ, ಆಫೀಸೆಲ್ಲ ಬಂದ್. ನಾಳೆ ಮಾಡುವ," ಎಂದೆ. ಬಹ್ರೇನ್‌ನಲ್ಲಿ ವಾರದ ರಜೆ ಶುಕ್ರವಾರವಲ್ಲವೇ?

"ಹೌದೌದು, ನಾಳೆ ಮಾಡುವ," ಎಂದಳು ಲಿಲ್ಲಿ.

ಬಸ್ಸಿಳಿದರೆ ಅರ್ಧ ಊರು ಬಿಳಿ ಬಟ್ಟೆಯಲ್ಲಿ! ಶುಕ್ರವಾರ ಇಲ್ಲಿ ದೇವರ ಹೆಸರಲ್ಲಿ ಬಿಳಿ ಉಡುತ್ತಾರಂತೆ. ಥೇಟ್ ಜುಮ್ಮಾ ನಮಾಜಿನ ದಿನದ ಮನಾಮ. ಇನ್ನೇನು ಸಂಶಯ? ರಜೆಯೇ! (ಅಂಗಡಿಗಳು ತೆರೆದಿದ್ದವು. ಟೂರಿಸ್ಟರಿಗಾಗಿ ಇರಬೇಕು ಎಂದುಕೊಂಡೆ.)

ಆಮೇಲೆ ನೋಡಿ ಮಜಾ. ಕೆಳಪೇಟೆಯಿಂದ ಮೇಲಿನ ಪೇಟೆಗೆ ಹೋಗಲು ಲಿಫ್ಟ್! ಊರಿಗೇ ಲಿಫ್ಟ್ ಇಟ್ಟವರನ್ನು ಎಲ್ಲಾದರೂ ಕಂಡಿದ್ದೀರಾ? ಮೇಲೆ ಹಳದಿ, ನೀಲಿ, ಗುಲಾಬಿ ಮನೆಗಳು, ಕೆಳಗೆ ಇಡೀ ಕೊಲ್ಲಿ. ರಸ್ತೆ ಬದಿಯಲ್ಲಿ ಒಬ್ಬಾಕೆ ಅಲಸಂಡೆ ರುಬ್ಬಿ, ಕೆಂಪು ತಾಳೆ ಎಣ್ಣೆಯಲ್ಲಿ ವಡೆ ಕರಿದು, ಒಳಗೆ ಸಿಗಡಿ ತುಂಬಿ ಕೊಡುತ್ತಿದ್ದಳು. ಲಿಲ್ಲಿ ಮೂರು ತಿಂದಳು. ಮುದುಕಿಯರೆಲ್ಲ ಡೋಲಿಗೆ ಕುಣಿಯುತ್ತಿದ್ದರು. ಇವಳೂ ನುಗ್ಗಿ ಕುಣಿದೇಬಿಟ್ಟಳು! ನಮ್ಮ ಮದುವೆಯಲ್ಲೂ ಕುಣಿಯದವಳು. ನನಗಂತೂ ಖುಷಿಯೋ ಖುಷಿ.

ಸಂಜೆ ಹೋಟೆಲಿಗೆ ಬಂದರೆ ಮ್ಯಾನೇಜರ್ ಹರಕು ಇಂಗ್ಲಿಷಿನಲ್ಲಿ ಹೇಳಿದ: ವಿಮಾನ ಕಂಪನಿಯ ಆಫೀಸು ಐದಕ್ಕೆ ಮುಚ್ಚುತ್ತದೆ, ಮತ್ತೆ ತೆರೆಯುವುದು ಸೋಮವಾರ.

ಗಡಿಯಾರ ನೋಡಿದೆ. ಐದಕ್ಕೆ ಹತ್ತು ನಿಮಿಷ!

ಅದೇ ಆ ಓಟ. ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು. ಅರ್ಧ ಇಳಿದ ಶಟರ್ ಕೆಳಗೆ ನುಸುಳಿದೆ. ಕೌಂಟರಿನ ಹುಡುಗಿ ಬೆಚ್ಚಿಬಿದ್ದಳು, ಪುಣ್ಯಕ್ಕೆ ಆಮೇಲೆ ನಕ್ಕಳು. ಸೀಟು ಖಾತ್ರಿಯಾಯಿತು. ಕುಣಿಯುತ್ತಾ ಹೊರಗೆ ಬಂದೆ.

ಲಿಲ್ಲಿ ಏದುಸಿರು ಬಿಡುತ್ತಾ ನಿಂತಿದ್ದಳು. "ಆಯ್ತಾ?"

"ಆಯ್ತು! ಶುಕ್ರವಾರವೂ ತೆರೆದಿರ್ತದೆ ಅಂತ ಯಾರಿಗೆ ಗೊತ್ತಿತ್ತು?"

"ನನಗೆ ಗೊತ್ತಿತ್ತು ಮಾರಾಯ್ರೆ. ಬೆಳಿಗ್ಗೆ ಬಸ್ಸಿಂದಲೇ ಆಫೀಸು ತೆರೆದದ್ದು ನೋಡಿದ್ದೆ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಮನಾಮದ ಆ ಫ್ಲ್ಯಾಟಿಗೆ ವಾಪಸ್ ಹೋಗ್ಲಿಕ್ಕೆ ನನಗೇನೂ ಅವಸರ ಇರ್ಲಿಲ್ಲ."

ನೌಕರಿ ಉಳಿಯಿತು. ಆದರೆ ಅಲ್ಲಿ ನಿನಗೆ ಹೇಗಿದೆ ಎಂದು ಹನ್ನೆರಡು ವರ್ಷದಲ್ಲಿ ಒಮ್ಮೆಯಾದರೂ ಅವಳನ್ನು ಕೇಳಿದ್ದೇನಾ?