ಇಲಿಗೆ ಊಟ ಹಾಕಿದವನು

ತಂಗಿಗೆ ಹೇಳಿ ಹೇಳಿ ಯೋಗೇಶನ ಗಂಟಲು ಹರಿದುಹೋಗಿತ್ತು. ಕೊಟ್ಟಿಗೆಹಾರದಲ್ಲಿ ಪಂಕ್ಚರ್ ಅಂಗಡಿ ಇಡುವ ಮುಂಚೆ ಅವನು ಘಾಟಿ ಇಳಿದು, ಮಂಗಳೂರಿನ ಒಂದು ಕಾಲೇಜಿನಲ್ಲಿ ಹನ್ನೊಂದು ವರ್ಷ ಇಲಿ ಸಾಕಿದ್ದ. ಸಂಶೋಧನೆಯ ಇಲಿಗಳು. ಹಿಟ್ಟು ಕಲೆಸಿ ಉಂಡೆ ಕಟ್ಟುವುದು, ತೂಗಿ ಹಾಕುವುದು, ಗೂಡಿನ ಚೀಟಿಯಲ್ಲಿ ಬರೆಯುವುದು, ಎಲ್ಲ ಅವನದೇ. ಊರಲ್ಲಿ ಇದನ್ನು ಹೇಳಿದರೆ ಜನ ನಗುತ್ತಿದ್ದರು. ಇಲಿ ಹೊಡೆಯುವವರನ್ನು ಅವರು ಕಂಡಿದ್ದರು, ಸಂಬಳ ತೆಗೆದುಕೊಂಡು ಇಲಿಗೆ ಉಣಬಡಿಸಿದವನನ್ನು ಕಂಡಿರಲಿಲ್ಲ.

ನಗಲಿ, ಅದಕ್ಕೆ ಅವನಿಗೆ ಬೇಸರವಿರಲಿಲ್ಲ. ಹೊಟ್ಟೆ ಉರಿಯುತ್ತಿದ್ದುದು ತಂಗಿ ಪ್ರೇಮಲತಾಳ ವಿಷಯಕ್ಕೆ. ಜಾವಳಿಯ ಹತ್ತಿರ ಅವಳು ಕೆಲಸ ಮಾಡುವ ಎಸ್ಟೇಟಿನಲ್ಲಿ ಆರೋಗ್ಯ ಶಿಬಿರ ನಡೆದು, ಅವಳ ಕೊಲೆಸ್ಟ್ರಾಲ್ ಮುನ್ನೂರ ನಲವತ್ತೆರಡು ಎಂದು ಬಂದಿತ್ತು. ಇನ್ನೂರರ ಒಳಗಿರಬೇಕಾದದ್ದು! ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದರು. ಇವರಿಬ್ಬರ ಅಣ್ಣ ಬಸವರಾಜು ಕಾಫಿ ಮೂಟೆ ಹೊರುತ್ತಿದ್ದಾಗಲೇ ಎದೆ ಹಿಡಿದುಕೊಂಡು ಬಿದ್ದು ಸತ್ತಾಗ ಅವನಿಗೆ ಮೂವತ್ತೆಂಟು. ಅಪ್ಪನೂ ನಲವತ್ತೈದು ದಾಟಲಿಲ್ಲ. ಪ್ರೇಮಲತಾಳಿಗೆ ಈಗ ಮೂವತ್ತಾರು.

ಆದರೆ ಅವಳು ಮಾತ್ರೆ ನುಂಗಬೇಕಲ್ಲ! ಶಿಬಿರದ ನರ್ಸ್ "ಕೊಬ್ಬು ಜಾಸ್ತಿ ಇದೆ" ಎಂದದ್ದನ್ನು ಮೇಸ್ತ್ರಿ ಕೇಳಿಸಿಕೊಂಡಿದ್ದ. ಮಾರನೆಯ ದಿನ ಕಾಫಿ ಹಣ್ಣು ಕೊಯ್ಯುವಾಗ, "ಪ್ರೇಮಂಗೆ ಕೊಬ್ಬು ಜಾಸ್ತಿ ಅಂತೆ ಮಾರಾಯ್ರೆ, ಹುಷಾರಾಗಿ ಮಾತಾಡ್ಸಿ" ಎಂದುಬಿಟ್ಟ. ಎಲ್ಲರೂ ನಕ್ಕರು. ಕಡ್ಡಿಯ ಹಾಗಿರುವ, ಎದುರು ಮಾತಾಡದ ಹೆಂಗಸಿಗೆ ಕೊಬ್ಬಿನವಳೆಂಬ ಹೆಸರು ಅಂಟಿಕೊಂಡಿತು. ಅವಳ ಅತ್ತೆ ಮುದ್ದಮ್ಮ ಹಂದಿ ಮಾಂಸ, ಮೊಟ್ಟೆ, ಕಾಯಿ, ಎಣ್ಣೆ ಎಲ್ಲ ನಿಲ್ಲಿಸಿ ಸೊಸೆಗೆ ಬರೀ ಗಂಜಿ ಕೊಟ್ಟಳು. ಸೊಸೆ ಅದನ್ನೇ ಕುಡಿದಳು. ಮಾತ್ರೆಯ ಶೀಟು ಸೂರಿನ ಸಂದಿ ಸೇರಿತು.

ಮೂರು ತಿಂಗಳ ಮೇಲೆ ಒಂದು ಭಾನುವಾರ ಯೋಗೇಶ ಹೋದಾಗ ತಂಗಿಯ ಕೆನ್ನೆ ಒಳಗೆ ಹೋಗಿತ್ತು. ಮುದ್ದಮ್ಮ ಹೊಸ ರಿಪೋರ್ಟನ್ನು ಹೆಮ್ಮೆಯಿಂದ ತಂದು ಕೊಟ್ಟಳು. ಮುನ್ನೂರ ಮೂವತ್ತೊಂದು.

"ನೋಡು, ಹನ್ನೊಂದು ಇಳಿದದೆ. ಇನ್ನೊಂದು ವರ್ಷ ಗಂಜಿ ಕುಡಿದ್ರೆ ಪೂರಾ ಇಳೀತದೆ."

ಯೋಗೇಶನಿಗೆ ಮೈಯೆಲ್ಲ ಉರಿದುಹೋಯಿತು. "ಅಷ್ಟೊತ್ತಿಗೆ ಇವಳೇ ಇಲ್ದಂಗೆ ಆಗಿರ್ತಾಳೆ! ಊಟದಿಂದ ಬರೋದು ಸ್ವಲ್ಪ, ಉಳಿದದ್ದನ್ನ ಲಿವರ್ರೇ ತಯಾರು ಮಾಡ್ತದೆ. ನಾನು ಎರಡು ತಳಿ ಇಲಿಗೆ ಒಂದೇ ಥರದ ಉಂಡೆ ಹಾಕಿದೀನಿ. ಊಟದಲ್ಲಿ ಕೊಲೆಸ್ಟ್ರಾಲ್ ಬಂತು ಅಂದ್ರೆ ಒಂದು ತಳೀದು ಲಿವರ್ ತಾನು ಮಾಡೋದನ್ನ ಕಮ್ಮಿ ಮಾಡ್ತದೆ. ಇನ್ನೊಂದರದ್ದು, ಕಣದಲ್ಲಿ ಕಾಫಿ ಹರಡಕ್ಕೆ ಜಾಗ ಇಲ್ದಿದ್ರೂ ಹಣ್ಣು ಸುಲಿಯೋ ಪಲ್ಪರ್ ನಿಲ್ಲಿಸದವರ ಹಂಗೆ, ಮಾಡ್ತಾನೇ ಇರ್ತದೆ. ಹುಟ್ಟಿನಿಂದ ಬಂದದ್ದು, ಇಲಿ ಏನ್ ಮಾಡ್ತದೆ ಪಾಪ?"

"ನನ್ನ ಸೊಸೆ ಇಲಿ ಅಲ್ಲ" ಎಂದಳು ಮುದ್ದಮ್ಮ.

ಇನ್ನು ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿಯಿತ್ತು. ಯೋಗೇಶ ತಂಗಿಯ ಕಡೆ ತಿರುಗಿದ. "ನೀನಾದ್ರೂ ಬಾಯಿ ಬಿಡು. ಯಾಕೆ ಮಾತ್ರೆ ನುಂಗಲ್ಲ?"

"ನುಂಗಿದ್ರೆ ಒಪ್ಕೊಂಡಂಗೆ ಅಲ್ವಾ ಅಣ್ಣ? ಕದ್ದು ತಿಂದು ಬರಿಸ್ಕೊಂಡೆ ಅಂತ."

"ಅಯ್ಯೋ ಮಾರಾಯ್ತಿ, ನೀನು ತಿಂದು ಬಂದದ್ದಲ್ಲ! ಅಪ್ಪಂದು ಅದು. ಬಸಣ್ಣಂಗೂ ಅದೇ ಇದ್ದದ್ದು. ನಮ್ಮ ಮನೆ ರಕ್ತದಲ್ಲೇ ಇದೆ" ಎಂದು ಯೋಗೇಶ ಕೂಗಿಕೊಂಡ.

ಪ್ರೇಮಲತಾ ತಲೆಯೆತ್ತಿ ಅವನನ್ನು ನೆಟ್ಟಗೆ ನೋಡಿದಳು. "ಹಂಗಾದ್ರೆ ನಿಂಗೆಷ್ಟಿದೆ?"

ಸಾವಿರಾರು ಇಲಿಗಳ ಲೆಕ್ಕ ಬರೆದವನು ತನ್ನ ರಕ್ತವನ್ನು ಒಮ್ಮೆಯೂ ಪರೀಕ್ಷೆಗೆ ಕೊಟ್ಟಿರಲಿಲ್ಲ. ಮರೆತದ್ದಲ್ಲ. ಅಣ್ಣ ಸತ್ತ ವಯಸ್ಸು ದಾಟಿ ಅವನಿಗೆ ಎರಡು ವರ್ಷವಾಗಿತ್ತು, ಆ ಎರಡು ವರ್ಷವೂ ಅವನು ಹೆದರಿಕೊಂಡೇ ಬದುಕಿದ್ದ.

"ನೋಡ್ಸಿಲ್ಲ" ಎಂದ. "ಹೆದರಿಕೆ."

"ನಂಗೇನು ಹೆದರಿಕೆ ಇಲ್ವಾ?"

ಪ್ರೇಮಲತಾ ಎದ್ದು ಸೂರಿನಿಂದ ಶೀಟು ತೆಗೆದಳು. ಅತ್ತೆಯ ಎದುರಿಗೇ ಒಂದು ಮಾತ್ರೆ ಬಿಡಿಸಿ ನುಂಗಿ, ನೀರು ಕುಡಿದು, ಲೋಟ ಕೆಳಗಿಟ್ಟಳು.

"ನಾಳೆ ಬೆಳಿಗ್ಗೆ ಏನೂ ತಿನ್ಬೇಡ ಅಣ್ಣ, ಕಾಫಿನೂ ಬೇಡ. ರಕ್ತ ನೋಡ್ಸಕ್ಕೆ ಮೂಡಿಗೆರೆಗೆ ನಾನೂ ಬರ್ತೀನಿ. ಒಬ್ಬನ್ನೇ ಕಳ್ಸಿದ್ರೆ ನೀನು ದಾರೀಲೇ ಬಸ್ಸಿಳಿದ್ಬಿಡ್ತೀಯ."