ಭೀಮವ್ವನ ಮೂಗು

ಬೆಳಿಗ್ಗೆ ಕಸಬರಿಗೆ ಹಿಡಿಯುವ ಮೊದಲು ಭೀಮವ್ವ ಗೇಟಿನ ಸಾಲಿನ ಒಂಬತ್ತು ತೆಂಗಿನ ಮರಗಳಿಗೂ ಮೂಗು ಹಚ್ಚುತ್ತಿದ್ದಳು. ಹೂವು ಮೂಸಿದಂತಲ್ಲ. ಹಾಲು ಕೆಟ್ಟಿದೆಯೋ ಏನೋ ಎಂದು ಪಾತ್ರೆಯೊಳಗೆ ಮುಖ ಹಾಕುವವರ ಹಾಗೆ, ಹುಬ್ಬು ಗಂಟಿಕ್ಕಿ, ಬೈಯಲು ತಯಾರಾಗಿ. ಒಂಬತ್ತನೆಯ ಮರ ಮುಗಿಯುವವರೆಗೆ ಯಾರು ಮಾತಾಡಿಸಿದರೂ ಉತ್ತರವಿಲ್ಲ.

ಗೋವೆಯ ಸಾಂಕೋಲೆಯ ನಮ್ಮ ಕಾಲೊನಿಯಲ್ಲಿ ಹೆಚ್ಚಿನವರು ಧಾರವಾಡ, ಬೆಳಗಾವಿ, ಕಾರವಾರದ ಕಡೆಯ ನೌಕರದಾರರು. ನಾನು ಆಗ ಒಂದು ಕನ್ನಡ ಪತ್ರಿಕೆಗೆ ಗೋವೆಯ ಸುದ್ದಿ ಕಳಿಸುತ್ತಿದ್ದೆ. ಭೀಮವ್ವ ಹುನಗುಂದದ ಕಡೆಯವಳು. ಗಂಡನ ಜೊತೆ ಗಾರೆ ಕೆಲಸಕ್ಕೆ ಬಂದವಳು, ಅವನು ತೀರಿಕೊಂಡ ಮೇಲೆ ನಮ್ಮಲ್ಲಿ ಕಸ ಗುಡಿಸಿ ಗಿಡ ನೋಡುವ ಕೆಲಸಕ್ಕೆ ಸೇರಿದಳು. ಗೇಟಿನ ಪಕ್ಕದ ಕೋಣೆ ಆ ಕೆಲಸದ ಜೊತೆಗೇ ಸಿಕ್ಕಿದ್ದು. ಕೆಲಸ ಹೋದರೆ ಅದೂ ಹೋಗುತ್ತದೆ. ಅದು ಅವಳಿಗೂ ಗೊತ್ತಿತ್ತು, ಕಾಲೊನಿಯ ಕಮಿಟಿಗೂ ಗೊತ್ತಿತ್ತು.

ತೆಂಗಿನ ವಿದ್ಯೆ ಅವಳು ಕಲಿತದ್ದು ಕಾಲೊನಿಯ ಹಿಂದಿನ ತೋಟದಲ್ಲಿ ಸೇಂದಿ ಇಳಿಸುತ್ತಿದ್ದ ಒಬ್ಬ ಮುದುಕನಿಂದ. ಕೆಂಪು ಮೂತಿಹುಳ ಮರವನ್ನು ಹುಡುಕುವುದು ವಾಸನೆಯಿಂದ. ಹಸಿ ಗರಿ ಕಡಿದರೆ ಗಾಯದ ವಾಸನೆ ಹಿಡಿದು ಬರುತ್ತದೆ. ಬಂದ ಗಂಡು ಹುಳ ತನ್ನದೊಂದು ವಾಸನೆ ಬಿಟ್ಟು ಉಳಿದವನ್ನೂ ಕರೆಯುತ್ತದೆ. ಹೆಣ್ಣು ಗಾಯದಲ್ಲಿ ಮೊಟ್ಟೆ ಇಡುತ್ತದೆ. ಮರಿ ಒಳಗೊಳಗೇ ಕೊರೆದು ತಿನ್ನುತ್ತಿದ್ದರೂ ಬಹಳ ದಿನ ಗರಿಗಳು ಹಸಿರಾಗಿಯೇ ಇರುತ್ತವೆ. ಕಾಂಡದ ಹತ್ತಿರ ಹುಳಿ ವಾಸನೆ ಬಂತೆಂದರೆ ಒಳಗೆ ಹುಳ ಇದೆ ಎಂದು ಅರ್ಥ. ಇದಿಷ್ಟನ್ನೂ ನಾನು ಒಬ್ಬ ಕೃಷಿ ಅಧಿಕಾರಿಯನ್ನು ಕೇಳಿ ಖಚಿತಪಡಿಸಿಕೊಂಡಿದ್ದೇನೆ. ಆದರೆ ಕೇಳಿದ್ದು ತಡವಾಗಿ.

ಒಮ್ಮೆ ಒಬ್ಬರ ಮನೆಯ ಮುಂಜಿಯ ಚಪ್ಪರಕ್ಕೆಂದು ಎರಡು ಹಸಿ ಗರಿಗಳನ್ನು ಬುಡಕ್ಕೇ ಕಡಿದರು. ಭೀಮವ್ವ ಕೆಮ್ಮಣ್ಣು ಕಲಸಿ ತಂದು, ಏಣಿ ಹತ್ತಿ, ಎರಡೂ ಗಾಯಗಳನ್ನು ಮೆತ್ತಿ ಮುಚ್ಚಿದಳು. ಏಣಿಯ ಮೇಲಿಂದಲೇ ಕೂಗಿದಳು: "ಹಸೀ ಗರಿ ಕಡಿಯೂದಂದ್ರ ಊರಿಗೆಲ್ಲಾ ಡಂಗುರ ಹೊಡದಂಗ್ರಿ! ಹುಡುಗನ ಮುಂಜಿ ಮಾಡ್ರಿ, ಮರದ ತಿಥಿ ಮಾಡಬ್ಯಾಡ್ರಿ!"

ಮುಂಜಿಗೆ ಬಂದ ನೆಂಟರು ನಕ್ಕರು. ನಾನೂ ನಕ್ಕೆ.

೨೦೦೭ರಲ್ಲಿ ಕಮಿಟಿಯ ಸೆಕ್ರೆಟರಿ ಇನಾಮದಾರರು ಎಲ್ಲಿಂದಲೋ ಎರಡು ಪ್ಲಾಸ್ಟಿಕ್ ಡಬ್ಬಿ ತಂದರು. ಮುಚ್ಚಳದ ಕೆಳಗೆ ಗಂಡು ಹುಳದ ವಾಸನೆಯ ಒಂದು ಪೊಟ್ಟಣ ತೂಗಬೇಕು. ತಳದಲ್ಲಿ ಕಳಿತ ಹಣ್ಣು, ಔಷಧಿ ಬೆರೆಸಿದ ನೀರು. ಹುಳ ವಾಸನೆಗೆ ಬಂದು ಒಳಗೆ ಬಿದ್ದು ಸಾಯುತ್ತದೆ. ಡಬ್ಬಿ ಒಳ್ಳೆಯದೇ. ಆದರೆ ಎಳೆ ತೆಂಗಿನಿಂದ ದೂರ ಕಟ್ಟಬೇಕು. ಇನಾಮದಾರರು ಅವನ್ನು ಗೇಟಿನ ಅಕ್ಕಪಕ್ಕದ ಎರಡು ಎಳೆ ಮರಗಳಿಗೇ ಕಟ್ಟಿಸಿದರು, ಬಂದವರ ಕಣ್ಣಿಗೆ ಬೀಳಲಿ ಎಂದು.

"ಆ ತುದಿ ಕಾಂಪೌಂಡಿಗೆ ಕಟ್ರಿ ಸಾಹೇಬ್ರ," ಎಂದಳು ಭೀಮವ್ವ.

"ನಿನಗ ತಿಳಿಯೂದಿಲ್ಲವ್ವಾ. ಇದು ಸೈನ್ಸ್."

ಅವಳು ಗೊಣಗುತ್ತಲೇ ಕಪ್ಪಾದ ಬಾಳೆಹಣ್ಣು ಕಿವುಚಿ, ಮುದುಕನಿಂದ ಸೇಂದಿ ತಂದು ಹಾಕಿದಳು. ಮೂರನೆಯ ದಿನಕ್ಕೆ ಹುಳ ಬಿದ್ದವು. ವಾರದೊಳಗೆ ಬಾಲ್ಕನಿಗಳಿಂದ ದೂರು ಶುರುವಾಯಿತು. ಸಂಜೆ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಸೆರೆಯಂಗಡಿಯ ವಾಸನೆ ಬರುತ್ತದಂತೆ. ಇನಾಮದಾರರು ವಾಚ್‌ಮನ್‌ನಿಂದ ಡಬ್ಬಿ ಖಾಲಿ ಮಾಡಿಸಿ, ತೊಳೆಸಿ, ಒಳಗೆ ಫಿನೈಲ್ ಹೊಯ್ಯಿಸಿದರು. ಹುಳ ಕರೆಯುವ ಪೊಟ್ಟಣವನ್ನು ಮಾತ್ರ ಹಾಗೆಯೇ ತೂಗಬಿಟ್ಟರು. ನಾನು ಅಲ್ಲೇ ಸ್ಕೂಟರ್ ಒರೆಸುತ್ತಿದ್ದೆ.

ಭೀಮವ್ವ ಕಸಬರಿಗೆ ಎಸೆದು ಬಂದಳು. "ಬೀಗರನ್ನ ಕರದೀರಿ, ಬಂದಾರ. ಎಲಿ ಹಾಕೂದಿಲ್ಲ ಅಂತೀರಿ, ಮ್ಯಾಲ ಫಿನೈಲ್ ಹೊಯ್ತೀರಿ. ಅವ್ರೇನು ವಾಪಸ್ ಊರಿಗೆ ಹೊಕ್ಕಾರೇನ್ರಿ? ಬಾಜೂ ಮನ್ಯಾಗ ಹೊಕ್ಕು ಉಣ್ತಾರ. ಬಾಜೂ ಮನಿ ಯಾವ್ದು? ಡಬ್ಬಿ ಕಟ್ಟಿದ ಮರಾನ!"

"ಬಾಯಿ ಸಾಕು. ಕಸಾ ಹೊಡಿ," ಎಂದರು ಇನಾಮದಾರರು.

ಭೀಮವ್ವ ಮತ್ತೆ ಹಣ್ಣು ಹಾಕಲು ಹೋದ ಎರಡು ಸಲವೂ ವಾಚ್‌ಮನ್ ತಡೆದ. ಅವಳು ದಿನಾ ಬೆಳಿಗ್ಗೆ ಮೂಸಿ, ದಿನಾ ಹೇಳಿದಳು. "ಹುಳಿ ಬರಾಕತ್ತೈತ್ರಿ" ಎಂಬ ಮಾತನ್ನು ನಾನೇ ನಾಲ್ಕೈದು ಸಲ ಕೇಳಿದ್ದೇನೆ. ಮಳೆಗಾಲ ಮುಗಿಯುವಷ್ಟರಲ್ಲಿ ಡಬ್ಬಿ ಕಟ್ಟಿದ ಎರಡು ಮರಗಳೂ, ಮಗ್ಗುಲಿನ ಇನ್ನೊಂದೂ ಸತ್ತವು. ಒಂದರ ತಲೆ ಮುರಿದು ಇನಾಮದಾರರ ಕಾರಿನ ಗಾಜಿನ ಮೇಲೆ ಬಿತ್ತು. ಮರ ಸತ್ತದ್ದಕ್ಕೆ ಕೂಡದ ಕಮಿಟಿ ಗಾಜು ಒಡೆದದ್ದಕ್ಕೆ ಕೂಡಿತು.

ಕೈಬರಹ ಚೆನ್ನಾಗಿದೆ ಎಂದು ಸಭೆಯ ನಡಾವಳಿ ಬರೆಯುವ ಕೆಲಸ ನನಗಿತ್ತು. ಭೀಮವ್ವನನ್ನು ಒಳಗೆ ಕರೆಯಲಿಲ್ಲ. ಅವಳು ಬಾಗಿಲ ಹೊರಗೆ ನಿಂತಿದ್ದಳು. ಇನಾಮದಾರರು ಹೇಳಿದರು, ನಾನು ಬರೆದೆ: "ತೋಟದ ಕೆಲಸದವಳ ನಿರ್ಲಕ್ಷ್ಯದಿಂದ ಮೂರು ಮರಗಳು ನಾಶವಾದವು. ಅವಳನ್ನು ಕೆಲಸದಿಂದ ತೆಗೆಯಲಾಗಿದೆ."

ಯಾರು ಏನು ಹೇಳಿದರು ಎಂದು ಬರೆಯುವುದಷ್ಟೇ ನನ್ನ ಕೆಲಸ ಎಂದುಕೊಂಡೆ. ಅದೂ ಸುಳ್ಳು. ಪತ್ರಿಕೆಯಲ್ಲಿ ಒಂದು ಬೀದಿ ಜಗಳದ ಸುದ್ದಿಗೂ 'ಎಂದು ಇಂಥವರು ಆರೋಪಿಸಿದರು' ಎಂದು ಸೇರಿಸುತ್ತಿದ್ದ ನಾನು ಇಲ್ಲಿ ಸೇರಿಸಲಿಲ್ಲ. ಒಬ್ಬನ ಆರೋಪ ನನ್ನ ಕೈಯಲ್ಲಿ ಸತ್ಯಸಂಗತಿಯಾಯಿತು.

ಮರುದಿನ ಅವಳು ಒಂದು ಟ್ರಂಕು, ಒಂದು ಸ್ಟೋವು ಹೊರಗಿಟ್ಟು ಕೋಣೆಯ ಕೀಲಿ ಕೊಟ್ಟಳು. ನನ್ನನ್ನು ಕಂಡು ನಿಂತಳು.

"ಪೇಪರ್ ಸಾಹೇಬ್ರ, ಫಿನೈಲ್ ಹೊಯ್ಯೂದು ನೀವು ನೋಡಿದ್ರಿ."

"ನೋಡೀನಿ."

"ಸಭಾದಾಗೂ ಕುಂತಿದ್ರಿ."

"ಹೌದು."

"ಮತ್ತ?"



ಕೃಷಿ ಅಧಿಕಾರಿಯನ್ನು ಕೇಳಿದ್ದು ಅದಾದ ಮೇಲೆ. ಅವರು ಹೇಳಿದ್ದರಲ್ಲಿ ಭೀಮವ್ವ ಹೇಳದ ಮಾತು ಒಂದೂ ಇರಲಿಲ್ಲ. ಇನಾಮದಾರರ ಮುಂದೆ ವಿಷಯ ಎತ್ತಿದರೆ, "ಮುಗದದ್ದು ಬಿಡ್ರಿ," ಎಂದರು. ಆ ಎರಡು ಡಬ್ಬಿಗಳನ್ನು ಅವರು ಆಗಲೇ ಮುಂದಿನ ಎರಡು ಮರಗಳಿಗೆ ಕಟ್ಟಿಸಿದ್ದರು, ಹೊಸ ಪೊಟ್ಟಣ ಹಾಕಿಸಿ.

ತಿಂಗಳಾದ ಮೇಲೆ ಹೆದ್ದಾರಿ ಪಕ್ಕದ ಒಂದು ಕಟ್ಟಡದ ಕೆಲಸದಲ್ಲಿ ಅವಳು ಸಿಕ್ಕಳು. ತಲೆಯ ಮೇಲೆ ಜಲ್ಲಿಯ ಬುಟ್ಟಿ. ಬುಟ್ಟಿ ಇಳಿಸದೆಯೇ ಕೇಳಿದಳು:

"ಡಬ್ಬಿ ಬಿಚ್ಚಿದ್ರೇನ್ರಿ?"

"ಇಲ್ಲ. ಕಮಿಟಿ ಒಪ್ಪಬೇಕು ಭೀಮವ್ವ. ನಾನು ನಡಾವಳಿ ಪುಸ್ತಕ ತಿದ್ದಿಸ್ತೀನಿ, ನಿಂದು ತಪ್ಪಿಲ್ಲಂತ..."

"ಮರ ಸಾಯಾಕತ್ತಾವು, ಪುಸ್ತಕದ ಮಾತಾಡ್ತೀರಲ್ರೀ! ಒಂದು ಗಂಟು ಬಿಚ್ಚಾಕ ಎಷ್ಟು ಮಂದಿ ಕೂಡಬೇಕು? ಇಲ್ಲ್ಯಾಕ ನಿಂತೀರಿ? ನಡೀರಿ!"

ಬುಟ್ಟಿ ಹೊತ್ತು ಏಣಿಯ ಕಡೆ ತಿರುಗಿದಳು. ತನ್ನ ಕೋಣೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಅಂದೇ ಸಂಜೆ ಡಬ್ಬಿಗಳನ್ನು ಬಿಚ್ಚಿದೆ. ಯಾರನ್ನೂ ಕೇಳಲಿಲ್ಲ. ನಡಾವಳಿ ಪುಸ್ತಕದಲ್ಲಿ ಹಳೆಯ ಸಾಲಿನ ಕೆಳಗೆ ಬರೆದೆ: "ಡಬ್ಬಿಗಳನ್ನು ಮರಕ್ಕೆ ಕಟ್ಟಿಸಿದವರು, ಅವುಗಳಲ್ಲಿ ಫಿನೈಲ್ ಹೊಯ್ಯಿಸಿದವರು ಸೆಕ್ರೆಟರಿ ಇನಾಮದಾರರು. ಭೀಮವ್ವ ಬೇಡ ಎಂದಿದ್ದಳು. ನೋಡಿಯೂ ಬರೆಯದವನು ನಾನು." ಸಹಿ ಹಾಕಿದೆ. ಇನಾಮದಾರರು ನನ್ನ ಜೊತೆ ಮಾತು ಬಿಟ್ಟರು. ನನಗೆ ನಷ್ಟವೇನಾಗಲಿಲ್ಲ, ನಷ್ಟ ಆಗಬಾರದವಳಿಗೆ ಆಗಲೇ ಆಗಿತ್ತು.

ಮುಂದಿನ ವಾರ ಡಬ್ಬಿ ಬಿಚ್ಚಿದೆ ಎಂದು ಹೇಳಲು ಹೋದರೆ ಅವಳ ಗ್ಯಾಂಗ್ ಅಲ್ಲಿರಲಿಲ್ಲ. ಒಬ್ಬ ಕುಡಚಡೆಗೆ ಹೋದರು ಎಂದ, ಇನ್ನೊಬ್ಬ ಸಾಂಗೆಗೆ ಎಂದ. ಎರಡೂ ಕಡೆ ಹುಡುಕಿದೆ. ಸಿಗಲಿಲ್ಲ.

ಈಗ ಆರು ಮರ ಉಳಿದಿವೆ. ಬೆಳಿಗ್ಗೆ ಪತ್ರಿಕೆ ತೆಗೆದುಕೊಳ್ಳಲು ಗೇಟಿಗೆ ಹೋದಾಗ ನಾನು ಒಂದೊಂದಕ್ಕೂ ಮೂಗು ಹಚ್ಚುತ್ತೇನೆ. ಜನ ನಗುತ್ತಾರೆ. ಯಾವ ವಾಸನೆಯೂ ಬರುವುದಿಲ್ಲ. ಮರ ಚೆನ್ನಾಗಿದೆಯೋ, ನನ್ನ ಮೂಗಿಗೆ ತಿಳಿಯುತ್ತಿಲ್ಲವೋ, ಬೈದು ಹೇಳುವವರು ಇಲ್ಲ.